ಗಾರ್ಡನ್ ಬಿಸಿನೆಸ್‌ಗೆ ಕೈ ಹಾಕುವ ಮುಂಚೆ: ಮೈಸೂರಿನ ಬೀದಿ ಸುತ್ತಿ ಮಾರುಕಟ್ಟೆ ಅಳೆಯುವುದು ಹೇಗೆ

ಮನೆಗಳಿಗೆ ಗಾರ್ಡನ್ ಮಾಡಿಕೊಡುವ ಸಣ್ಣ ಬಿಸಿನೆಸ್ ಶುರು ಮಾಡಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಒಂದು ಹೆಸರು ಇಡುತ್ತಾರೆ. ಆಮೇಲೆ ವಿಸಿಟಿಂಗ್ ಕಾರ್ಡ್ ಹೊಡೆಸುತ್ತಾರೆ, ಲಾನ್ ಮೂವರ್ ತರುತ್ತಾರೆ. ಈ ಮೂರೂ ತಡವಾದರೆ ಏನೂ ಮುಳುಗಿಹೋಗುವುದಿಲ್ಲ. ಮೊದಲು ಬೇಕಾಗಿರುವುದು ಒಂದು ನೋಟ್‌ಬುಕ್ ಮತ್ತು ಕೆಲವು ವಾರ ಬೀದಿ ಸುತ್ತುವ ತಾಳ್ಮೆ.

ನಾನು ಇಲ್ಲಿ ಮೈಸೂರನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಹಳೇ ಬಂಗಲೆ, ಹೊಸ ಬಡಾವಣೆ, ನಿವೃತ್ತರ ಮನೆ, ಹೋಮ್‌ಸ್ಟೇ, ಕಾರ್ಖಾನೆ ಎಲ್ಲವೂ ಇಲ್ಲಿ ಅರ್ಧ ಗಂಟೆಯ ಸ್ಕೂಟರ್ ದಾರಿಯಲ್ಲಿ ಸಿಗುತ್ತವೆ. ನೀವು ಹಾಸನದವರೋ ದಾವಣಗೆರೆಯವರೋ ಆಗಿದ್ದರೆ ಬಡಾವಣೆಗಳ ಹೆಸರು ಮತ್ತು ಮಳೆಯ ಲೆಕ್ಕ ಬದಲಾಯಿಸಿಕೊಳ್ಳಿ, ಉಳಿದದ್ದು ಹೆಚ್ಚು ಕಡಿಮೆ ಹಾಗೇ ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸ ಗಾರ್ಡನ್ ಮಾಡಿಕೊಟ್ಟಾಗ ಒಟ್ಟಿಗೆ ದುಡ್ಡು ಬರುತ್ತದೆ, ಆದರೆ ಆ ಕೆಲಸ ಯಾವಾಗ ಬರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ತಿಂಗಳು ತಿಂಗಳು ಮನೆ ನಡೆಯುವುದು ನಿರ್ವಹಣೆಯ ಕೆಲಸದಿಂದ. ಆ ಮನೆಗಳು ಒಂದಕ್ಕೊಂದು ಹತ್ತಿರ ಇದ್ದರೆ ಲಾಭ, ಊರೆಲ್ಲ ಹರಡಿಕೊಂಡಿದ್ದರೆ ಪೆಟ್ರೋಲ್ ಬಂಕಿನವನಿಗೆ ಲಾಭ. ಆದ್ದರಿಂದ ನೀವು ಹುಡುಕಬೇಕಾಗಿರುವುದು ಗಿರಾಕಿಗಳನ್ನಲ್ಲ, ಬೀದಿಗಳನ್ನು.

ಮೊದಲು ಸೈಟಿನ ಅಳತೆ ನೋಡಿ

30-40 ಸೈಟು ಅಂದರೆ 1,200 ಚದರಡಿ. ಮನೆ ಕಟ್ಟಿ, ಕಾರು ನಿಲ್ಲಿಸಲು ಜಾಗ ಬಿಟ್ಟು, ಸಂಪಿನ ಮುಚ್ಚಳ, ಮೆಟ್ಟಿಲು, ಚಪ್ಪಲಿ ಸ್ಟ್ಯಾಂಡು ಎಲ್ಲ ಕಳೆದರೆ ಕಾಂಪೌಂಡ್ ಪಕ್ಕ ಎರಡು ಮೂರು ಅಡಿ ಅಗಲದ ಪಟ್ಟಿ ಉಳಿಯುತ್ತದೆ. ಉದ್ದ 25 ಅಡಿ ಅಂದುಕೊಂಡರೂ 75 ಚದರಡಿ ದಾಟಲ್ಲ. ಇಂಥ ಮನೆಯವರಿಗೆ ಲಾನ್ ಮಾರುವುದು ಸುಮ್ನೆ ಶ್ರಮ. ಅವರಿಗೆ ಬೇಕಾಗಿರುವುದು ಕುಂಡ, ತಾರಸಿ ತೋಟ, ಗೇಟಿನ ಮೇಲೆ ಹಬ್ಬುವ ಬಳ್ಳಿ, ಪೂಜೆಗೆ ನಾಲ್ಕು ಹೂ ಬಿಡುವ ಗಿಡ.

40-60ರಲ್ಲಿ ಸ್ವಲ್ಪ ಮಣ್ಣು ಕಾಣಿಸುತ್ತದೆ. 50-80ರಲ್ಲಿ, ಅಂದರೆ 4,000 ಚದರಡಿಯ ಸೈಟಿನಲ್ಲಿ, ನಿಜವಾದ ಗಾರ್ಡನ್ ಇರುತ್ತದೆ. ಯಾದವಗಿರಿ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲು ಕಡೆಯ ಹಳೇ ಮನೆಗಳಲ್ಲಿ ಮಾವು, ತೆಂಗು, ಸಂಪಿಗೆ ಆಗಲೇ ಬೆಳೆದು ನಿಂತಿರುತ್ತವೆ. ಅಲ್ಲಿ ಹೊಸದಾಗಿ ನೆಡುವುದು ಕಡಿಮೆ. ಸವರುವುದು, ಎಲೆ ಬಳಿಯುವುದು, ಗೊಬ್ಬರ ಕೊಡುವುದು ಜಾಸ್ತಿ. ಮರ ಕಡಿಯಿರಿ ಅಂತ ಯಾರಾದರೂ ಹೇಳಿದರೆ ತಕ್ಷಣ ಮಚ್ಚು ಎತ್ತಬೇಡಿ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಮರ ಮನೆಯವರದ್ದೇ ಕಾಂಪೌಂಡ್ ಒಳಗಿದ್ದರೂ ಕಡಿಯುವ ಮುಂಚೆ ವೃಕ್ಷಾಧಿಕಾರಿಯ ಅನುಮತಿ ಬೇಕೇ ಅಂತ ಕೇಳಿಕೊಳ್ಳಬೇಕು. ಅನುಮತಿ ತರುವ ಹೊಣೆ ಮನೆಯವರದ್ದು ಅಂತ ಮೊದಲೇ ಮಾತಾಡಿಕೊಳ್ಳಿ.

ರಿಂಗ್ ರೋಡಿನ ಆಚೀಚೆ ಬೆಳೆಯುತ್ತಿರುವ ಬಡಾವಣೆಗಳದ್ದು ಬೇರೆಯೇ ಕಥೆ. ದಟ್ಟಗಳ್ಳಿ, ಬೋಗಾದಿ, ವಿಜಯನಗರ ನಾಲ್ಕನೇ ಹಂತ ಈ ಕಡೆ ಒಂದು ಸುತ್ತು ಹಾಕಿ. ಕಟ್ಟಡ ಕೆಲಸ ನಡೆಯುತ್ತಿರುವ ಮನೆ, ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ, ಹೊಸದಾಗಿ ಬಣ್ಣ ಹೊಡೆದ ಕಾಂಪೌಂಡು. ಹೊಸ ಕೆಲಸ ಹುಟ್ಟುವುದು ಇಲ್ಲಿ.

ಸುತ್ತುವ ರೀತಿ ಹೀಗೆ. ಮೂರು ಬಡಾವಣೆ ಆರಿಸಿ, ಪ್ರತಿಯೊಂದರಲ್ಲೂ ನಾಲ್ಕೈದು ಬೀದಿ. ಬೆಳಗ್ಗೆ ಆರೂವರೆಯಿಂದ ಎಂಟರೊಳಗೆ ನಡೆದೇ ಹೋಗಿ, ಏಕೆಂದರೆ ಗಿಡಕ್ಕೆ ನೀರು ಹಾಕುವವರು ಯಾರು ಅಂತ ಕಾಣಿಸುವುದು ಆಗಲೇ. ಮನೆಯವರೇ ಪೈಪ್ ಹಿಡಿದಿದ್ದಾರಾ, ಕೆಲಸದವರಾ, ಮಾಲಿ ಬರುತ್ತಾನಾ, ಅಥವಾ ಯಾರೂ ಇಲ್ಲವಾ? ಒಂದೊಂದು ಮನೆಗೂ ಒಂದೊಂದು ಸಾಲು ಬರೆಯಿರಿ: ಸೈಟಿನ ಅಂದಾಜು ಅಳತೆ, ಮಣ್ಣು ಇದೆಯಾ ಪೂರ್ತಿ ಸಿಮೆಂಟಾ, ಲಾನ್ ಇದೆಯಾ, ಗಿಡಗಳ ಸ್ಥಿತಿ ಹೇಗಿದೆ, ಬೀಗ ಹಾಕಿದೆಯಾ. ಖಾಲಿ ಕುಂಡಗಳು ಸಾಲಾಗಿ ನಿಂತಿರುವ ಮನೆಯನ್ನು ಗುರುತು ಹಾಕಿಕೊಳ್ಳಿ. ಅವರಿಗೆ ಆಸೆ ಇದೆ, ದುಡ್ಡೂ ಖರ್ಚು ಮಾಡಿದ್ದಾರೆ, ಗಿಡ ಮಾತ್ರ ಉಳಿದಿಲ್ಲ. ನಿಮ್ಮ ಗಿರಾಕಿ ಅಂದರೆ ಇವರೇ. ತುಂಬಾ ಚೆನ್ನಾಗಿ ನೋಡಿಕೊಂಡಿರುವ ತೋಟದವರು ಮಾತಿಗೆ ಒಳ್ಳೆಯವರು, ವ್ಯಾಪಾರಕ್ಕಲ್ಲ.

"ನಿಮಗೆ ಗಾರ್ಡನ್ ಸರ್ವಿಸ್ ಬೇಕಾ" ಅಂತ ಕೇಳಬೇಡಿ

ಈ ಪ್ರಶ್ನೆಗೆ ನಮ್ಮ ಊರಲ್ಲಿ ಉತ್ತರ ಒಂದೇ: "ಹೂಂ, ನೋಡೋಣ, ನಂಬರ್ ಕೊಟ್ಟು ಹೋಗಿ." ಅದರಿಂದ ನಿಮಗೇನೂ ತಿಳಿಯುವುದಿಲ್ಲ. ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಲು ಇಷ್ಟವಿಲ್ಲ, ಅಷ್ಟೇ.

ಆಗಿ ಹೋದದ್ದರ ಬಗ್ಗೆ ಕೇಳಿ. "ಅಮ್ಮಾ, ಈ ದಾಸವಾಳ ಎಲ್ಲಿಂದ ತಂದ್ರಿ?" ಅಂತ ಶುರು ಮಾಡಿದರೆ ಸಾಕು, ಮಾತು ತಾನೇ ಮುಂದೆ ಹೋಗುತ್ತದೆ. ಹೋದ ಸಲ ಯಾರು ಬಂದು ಕೆಲಸ ಮಾಡಿದರು, ಎಷ್ಟು ತೆಗೆದುಕೊಂಡರು, ಎಷ್ಟು ದಿನಕ್ಕೊಮ್ಮೆ ಬರುತ್ತಿದ್ದರು, ಯಾಕೆ ನಿಲ್ಲಿಸಿದಿರಿ, ಕೊನೆಯ ಸಲ ನರ್ಸರಿಗೆ ಹೋಗಿದ್ದು ಯಾವಾಗ, ಅಲ್ಲಿ ಎಷ್ಟು ಖರ್ಚಾಯಿತು. ಈ ಉತ್ತರಗಳು ಗಟ್ಟಿ, ಏಕೆಂದರೆ ಅವು ಜೇಬಿನಿಂದ ಹೋದ ದುಡ್ಡಿನ ಮಾತು.

ದೂರುಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. "ಮಾಲಿ ಬರ್ತೀನಿ ಅಂತಾನೆ, ಬರಲ್ಲ." "ಫೋನ್ ಎತ್ತಲ್ಲ." "ನರ್ಸರಿಯವರು ಹೇಳಿದ ಗಿಡ ತಂದ್ವಿ, ಒಂದು ತಿಂಗಳಿಗೆ ಒಣಗಿಹೋಯ್ತು." "ಲಾನ್ ಹಾಕಿಸಿದ್ವಿ, ಈಗ ಬರೀ ಕಳೆ." ಇಂಥವು ಮೇಲಿಂದ ಮೇಲೆ ಕೇಳಿಸುತ್ತವೆ. ಗಮನಿಸಿ, "ಡಿಸೈನ್ ಚೆನ್ನಾಗಿರಲಿಲ್ಲ" ಅಂತ ಗೊಣಗುವವರು ಅಪರೂಪ. ಹೇಳಿದ ದಿನ ಹೇಳಿದ ಹೊತ್ತಿಗೆ ಬರುವವರಿಗೇ ಈ ಊರಲ್ಲಿ ಅರ್ಧ ಮಾರುಕಟ್ಟೆ ಕಾಯುತ್ತಿದೆ ಅನ್ನುವುದು ನನ್ನ ಅಭಿಪ್ರಾಯ. ಕಾರ್ಡಿನ ಮೇಲೆ ದೊಡ್ಡ ಮಾತು ಬರೆಸುವ ಬದಲು "ಪ್ರತಿ ಮಂಗಳವಾರ ಬೆಳಗ್ಗೆ ಎಂಟಕ್ಕೆ ಬರುತ್ತೇವೆ" ಅಂತ ಬರೆಸಿ, ಬನ್ನಿ ಕೂಡ.

ವಾಸ್ತುವಿನ ಪ್ರಶ್ನೆ ಬಂದೇ ಬರುತ್ತದೆ. ತುಳಸಿ ಕಟ್ಟೆ ಎಲ್ಲಿ, ಮುಳ್ಳಿನ ಗಿಡ ಮುಂದೆ ಇಡಬಹುದಾ, ಬೋನ್ಸಾಯ್ ಒಳ್ಳೆಯದಾ. ನಿಮಗೆ ನಂಬಿಕೆ ಇರಲಿ ಬಿಡಲಿ, ಅದು ಅವರ ಮನೆ. ಮೊದಲೇ ಕೇಳಿ ಬರೆದುಕೊಂಡರೆ ನೆಟ್ಟದ್ದನ್ನು ಕಿತ್ತು ಬೇರೆ ಕಡೆ ಹಾಕುವ ಕೂಲಿ ಉಳಿಯುತ್ತದೆ.

ಯಾರಿಗೆ ಮಾರುತ್ತೀರಿ

ಮೈಸೂರಿನಲ್ಲಿ ನಾನು ಮೊದಲು ನೋಡುವುದು ನಿವೃತ್ತರ ಮನೆಗಳನ್ನು. ಮಗ ಅಥವಾ ಮಗಳು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುತ್ತಾರೆ. ಅಪ್ಪ ಅಮ್ಮ ಒಂದು ಸಲ ಹೋದರೆ ಐದಾರು ತಿಂಗಳು ಬರುವುದಿಲ್ಲ. ಅಷ್ಟು ವರ್ಷ ಮುದ್ದು ಮಾಡಿ ಬೆಳೆಸಿದ ಗಿಡಗಳ ಗತಿ? ಪಕ್ಕದ ಮನೆಯವರಿಗೆ ಹೇಳಿ ಹೋಗುತ್ತಾರೆ, ಅವರು ಒಂದು ತಿಂಗಳು ಹಾಕುತ್ತಾರೆ, ಆಮೇಲೆ ಅವರಿಗೂ ಬೇಜಾರು. ವಾರಕ್ಕೆ ಮೂರು ಸಲ ಬಂದು ನೀರು ಹಾಕಿ, ಗೇಟಿನಲ್ಲಿ ಬಿದ್ದ ಪೇಪರ್, ಎಲೆ ತೆಗೆದು, ಒಂದು ಫೋಟೋ ವಾಟ್ಸಾಪ್ ಮಾಡುವ ಕೆಲಸಕ್ಕೆ ಅವರು ಖುಷಿಯಿಂದ ದುಡ್ಡು ಕೊಡುತ್ತಾರೆ. ಇಲ್ಲಿ ನೀವು ಮಾರುತ್ತಿರುವುದು ನಂಬಿಕೆಯನ್ನು, ಆದ್ದರಿಂದ ಗೇಟಿನ ಕೀ ಯಾರ ಹತ್ತಿರ ಇರುತ್ತದೆ, ಯಾರು ಒಳಗೆ ಬರುತ್ತಾರೆ ಅನ್ನುವುದನ್ನು ಬರೆದು ಕೊಡಿ. ಕೆಲಸದ ಹುಡುಗ ಬದಲಾದರೆ ಮೊದಲು ಅವರಿಗೆ ಹೇಳಿ.

ಎರಡನೆಯವರು ಗೃಹಪ್ರವೇಶದ ಹೊಸ್ತಿಲಲ್ಲಿರುವವರು. ಅವರ ಕೈಯಲ್ಲಿ ದುಡ್ಡು ಮುಗಿಯುತ್ತಾ ಬಂದಿರುತ್ತದೆ, ಆದರೆ ನೆಂಟರು ಬರುವ ಹೊತ್ತಿಗೆ ಮುಂದುಗಡೆ ಹಸಿರು ಕಾಣಬೇಕು. ಇವರನ್ನು ನೇರವಾಗಿ ಹುಡುಕುವುದಕ್ಕಿಂತ ಮೇಸ್ತ್ರಿ, ಕಾಂಪೌಂಡಿಗೆ ಗೇಟು ಮಾಡುವ ವೆಲ್ಡಿಂಗ್ ಅಂಗಡಿಯವರು, ಪೇವರ್ ಹಾಕುವವರು, ಸಣ್ಣ ಆರ್ಕಿಟೆಕ್ಟ್‌ಗಳು ಇವರ ಪರಿಚಯ ಮಾಡಿಕೊಳ್ಳಿ. ಯಾವ ಮನೆ ಯಾವಾಗ ಮುಗಿಯುತ್ತದೆ ಅಂತ ಇವರಿಗೆ ಗೊತ್ತು. ಫೋನಿನಲ್ಲಿ ಬೃಂದಾವನದ ಫೋಟೋ ತೋರಿಸಿ ಇದೇ ಥರ ಬೇಕು ಅನ್ನುವವರೂ ಸಿಗುತ್ತಾರೆ. ಅದು 60 ಎಕರೆ, ಪಕ್ಕದಲ್ಲೇ ಕನ್ನಂಬಾಡಿ ಕಟ್ಟೆಯ ನೀರು ಅಂತ ನಗುತ್ತಲೇ ನೆನಪಿಸಿ.

ಹೋಮ್‌ಸ್ಟೇ, ಕೆಫೆಗಳು ಗೋಕುಲಂ ಕಡೆ ಸಾಕಷ್ಟಿವೆ, ಯೋಗ ಕಲಿಯಲು ಹೊರದೇಶದವರು ಬರುವ ಜಾಗ ಅದು. ಫೋಟೋಕ್ಕೆ ಚೆನ್ನಾಗಿ ಕಾಣಬೇಕು ಅನ್ನುವುದು ಇವರ ಅಗತ್ಯ, ನಿರ್ವಹಣೆಯ ಬೆಲೆ ಅವರಿಗೆ ಅರ್ಥವಾಗುತ್ತದೆ. ಕಲ್ಯಾಣ ಮಂಟಪ, ಶಾಲೆ, ಆಸ್ಪತ್ರೆ, ಕಾರ್ಖಾನೆಗಳ ಕೆಲಸ ದೊಡ್ಡದು, ಆದರೆ ಬಿಲ್ ಪಾಸಾಗಲು ಎರಡು ಮೂರು ತಿಂಗಳು ಆಗಬಹುದು. ಕೂಲಿಯವರಿಗೆ ಮಾತ್ರ ಶನಿವಾರ ದುಡ್ಡು ಕೊಡಲೇಬೇಕು ಅಲ್ವಾ? ಕೈಯಲ್ಲಿ ಮೂರು ತಿಂಗಳ ಕೂಲಿ ಇಲ್ಲದಿದ್ದರೆ ಮೊದಲ ವರ್ಷ ಅತ್ತ ಹೋಗಬೇಡಿ.

ಕ್ಯಾಲೆಂಡರ್ ತೆಗೆದು ಕೂರಿ

ಈ ಬಿಸಿನೆಸ್‌ಗೆ ಎರಡು ಕ್ಯಾಲೆಂಡರ್. ಒಂದು ಮಳೆಯದ್ದು, ಇನ್ನೊಂದು ಪಂಚಾಂಗದ್ದು. ಎರಡೂ ಒಟ್ಟಿಗೆ ಹೋಗುವುದಿಲ್ಲ.

ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಏಪ್ರಿಲ್, ಮೇ ಗುಡುಗು ಮಳೆ ಒಂದು ಸುತ್ತು, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಂದು ಜೋರು ಸುತ್ತು, ನಡುವೆ ಮೋಡ ಮತ್ತು ಜಿಟಿಜಿಟಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚು ಕಡಿಮೆ ಒಣ. ನೆಡಲು ಒಳ್ಳೆಯ ಕಾಲ ಜೂನ್‌ನಿಂದ ಅಕ್ಟೋಬರ್. ಆದರೆ ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಮಾಘದಿಂದ ಜ್ಯೇಷ್ಠದವರೆಗೆ ಮುಹೂರ್ತಗಳ ಸಾಲು, ಅದು ಬಿಸಿಲು ಏರುವ ಕಾಲ. ಅಂದರೆ ನೀರು ಕಡಿಮೆ ಇರುವಾಗ ಹೊಸ ಕೆಲಸ ಬರುತ್ತದೆ, ಮಳೆ ಚೆನ್ನಾಗಿರುವಾಗ ಫೋನೇ ಬರಲ್ಲ.

ಇದನ್ನು ಹೀಗೆ ಸರಿದೂಗಿಸಬಹುದು: ಬೇಸಿಗೆಯ ಗೃಹಪ್ರವೇಶಕ್ಕೆ ಕುಂಡದ ಗಿಡಗಳಿಂದ ಮುಂಭಾಗ ಸಿಂಗರಿಸಿ ಕೊಡಿ, ನೆಲದ ಕೆಲಸ ಆಷಾಢಕ್ಕೆ ಅಂತ ಒಪ್ಪಿಸಿ, ಅರ್ಧ ಮುಂಗಡ ಆಗಲೇ ತೆಗೆದುಕೊಳ್ಳಿ. ಗಿಡವೂ ಉಳಿಯುತ್ತದೆ, ಖಾಲಿ ತಿಂಗಳೂ ತುಂಬುತ್ತದೆ. ಇನ್ನು ದಸರಾ. ಆ ಹೊತ್ತಿಗೆ ಕುಪ್ಪಣ್ಣ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಅದರ ಜೊತೆಗೆ ಮನೆ ತೋಟಗಳ ಸ್ಪರ್ಧೆಯೂ ಇರುತ್ತದೆ. ಸ್ಪರ್ಧೆಗೆ ಹೆಸರು ಕೊಡುವ ಮನೆಗಳು ಎರಡು ತಿಂಗಳು ಮುಂಚೆಯೇ ಗೊಬ್ಬರ, ಸವರುವಿಕೆ ಅಂತ ಓಡಾಡಲು ಶುರು ಮಾಡುತ್ತವೆ. ಪ್ರದರ್ಶನಕ್ಕೆ ನೀವೂ ಹೋಗಿ, ಹೂ ನೋಡುವುದಕ್ಕಲ್ಲ, ಜನ ಯಾವ ಮಳಿಗೆಯ ಮುಂದೆ ನಿಂತು ಬೆಲೆ ಕೇಳುತ್ತಾರೆ ಅಂತ ನೋಡುವುದಕ್ಕೆ.

ಎದುರಾಳಿ ಯಾರು

ದೊಡ್ಡ ಲ್ಯಾಂಡ್‌ಸ್ಕೇಪ್ ಕಂಪನಿಗಳು ನಿಮ್ಮ ಎದುರಾಳಿಗಳಲ್ಲ. ಅವರು ಅಪಾರ್ಟ್‌ಮೆಂಟು, ಐಟಿ ಕ್ಯಾಂಪಸ್ಸು ನೋಡಿಕೊಳ್ಳುತ್ತಾರೆ. ನಿಮಗೆ ನಿಜವಾದ ಪೈಪೋಟಿ ಮೂರು ಕಡೆಯಿಂದ. ಟಿವಿಎಸ್ ಎಕ್ಸೆಲ್ ಮೇಲೆ ಗುದ್ದಲಿ ಕಟ್ಟಿಕೊಂಡು ಬರುವ ಮಾಲಿ. ಗಿಡ ಕೊಂಡರೆ ನೆಟ್ಟುಕೊಡುವ ನರ್ಸರಿ. ಮತ್ತೆ ಮನೆಯ ಯಜಮಾನರೇ, ವಾಕಿಂಗ್ ಮುಗಿಸಿ ಬಂದು ಕತ್ತರಿ ಹಿಡಿಯುವವರು.

ಮಾಲಿಗಿಂತ ಕಡಿಮೆ ದರಕ್ಕೆ ಮಾಡುತ್ತೇನೆ ಅಂತ ಇಳಿಯಬೇಡಿ. ಅವರ ಖರ್ಚು ನಿಮಗಿಂತ ಯಾವತ್ತೂ ಕಡಿಮೆ. ಬದಲಿಗೆ ಅವರಲ್ಲಿ ಒಳ್ಳೆಯ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಮಣ್ಣು ಮುಟ್ಟಿ ಹೇಳುವ ಅವರ ಅನುಭವ, ಫೋನು, ಬಿಲ್ಲು, ಸಮಯ ನೋಡಿಕೊಳ್ಳುವ ನಿಮ್ಮ ಶಿಸ್ತು, ಎರಡೂ ಸೇರಿದರೆ ಬಿಸಿನೆಸ್ ಗಟ್ಟಿಯಾಗಿ ನೆಲೆ ನಿಲ್ಲುತ್ತದೆ. ನರ್ಸರಿಯವರ ಜೊತೆಗೂ ಅಷ್ಟೇ: ಹಗೆ ಬೇಡ, ಅವರಿಂದಲೇ ಗಿಡ ತೆಗೆದುಕೊಂಡು ಅವರ ಗಿರಾಕಿಗಳ ನಿರ್ವಹಣೆ ಕೇಳಿ.

ಗಿಡ ಬರುವ ದಾರಿಯನ್ನೂ ತಿಳಿದುಕೊಳ್ಳಿ. ನಮ್ಮ ನರ್ಸರಿಗಳಲ್ಲಿ ಕಾಣುವ ಅಲಂಕಾರದ ಗಿಡಗಳಲ್ಲಿ ಬಹಳಷ್ಟು ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂನಿಂದ ಲಾರಿಯಲ್ಲಿ ಬರುತ್ತವೆ. ಅದು ಗೋದಾವರಿ ಬಯಲಿನ ಸೆಕೆಯ ಹವೆ, ಮೈಸೂರಿನ ಒಣ ಗಾಳಿ ಬೇರೆ. ಲಾರಿಯಿಂದ ಇಳಿದ ಗಿಡವನ್ನು ಒಂದೆರಡು ವಾರ ನೆರಳಲ್ಲಿ ಇಟ್ಟು ಸುಧಾರಿಸಿದ ಮೇಲೆ ನೆಟ್ಟರೆ ಸಾಯುವುದು ಕಡಿಮೆ. ನರ್ಸರಿಯಲ್ಲಿ "ಈ ಗಿಡ ಬಂದು ಎಷ್ಟು ದಿನ ಆಯ್ತು" ಅಂತ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಕರ್ಜನ್ ಪಾರ್ಕಿನಲ್ಲಿರುವ ತೋಟಗಾರಿಕೆ ಇಲಾಖೆಯ ಕಚೇರಿ, ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ಎರಡೂ ಕಡೆ ಒಮ್ಮೆ ಹೋಗಿ ಬನ್ನಿ, ತರಬೇತಿ ಯಾವಾಗ ಇದೆ ಅಂತ ವಿಚಾರಿಸಿ.

ಮಣ್ಣು, ನೀರು: ಕೊಟೇಷನ್ ಕೈಕೊಡುವ ಜಾಗ

ಹೊಸ ಮನೆಯ ಮುಂದೆ ಮಣ್ಣು ಕಾಣುತ್ತಿದೆ ಅಂತ ನಂಬಬೇಡಿ. ಹಾರೆಯಿಂದ ಒಂದು ಅಡಿ ಅಗೆದು ನೋಡಿ. ಇಟ್ಟಿಗೆ ಚೂರು, ಸಿಮೆಂಟ್ ಹಿಟ್ಟು, ಟೈಲ್ಸ್ ತುಂಡು, ಪ್ಲಾಸ್ಟಿಕ್ ಎಲ್ಲ ಅಲ್ಲೇ ಹೂತಿರುತ್ತದೆ. ಅದನ್ನು ತೆಗೆದು ಸಾಗಿಸುವ ಖರ್ಚು ಕೆಲವು ಸಲ ಗಿಡಗಳ ಖರ್ಚಿಗಿಂತ ಜಾಸ್ತಿ. ಅಗೆಯದೆ ಕೊಟೇಷನ್ ಕೊಡಬೇಡಿ.

500 ಚದರಡಿಗೆ ಅರ್ಧ ಅಡಿ ಕೆಮ್ಮಣ್ಣು ಅಂದರೆ 250 ಘನ ಅಡಿ. ಒಂದು ಟ್ರ್ಯಾಕ್ಟರ್ ಲೋಡು ಸುಮಾರು 100 ಘನ ಅಡಿ ಅಂತ ಹಿಡಿದರೆ ಎರಡೂವರೆ ಲೋಡು, ಅದೂ ಒತ್ತಿದ ಮೇಲೆ ಕುಗ್ಗುತ್ತದೆ, ಮೂರು ಅಂತಲೇ ಬರೆಯಿರಿ. ಆ ಮಣ್ಣಿನ ಜೊತೆ ಜೇಕು ಅನ್ನುವ ಕಳೆಯ ಗಡ್ಡೆ ಬಂದರೆ ಲಾನ್ ಕಥೆ ಮುಗಿಯಿತು. ಗಡ್ಡೆ ಆಯ್ದು, ಕೊಟ್ಟಿಗೆ ಗೊಬ್ಬರ ಸೇರಿಸಿ, ಎರಡು ವಾರ ನೀರು ಹಾಕಿ ಕಳೆ ಹುಟ್ಟಲು ಬಿಟ್ಟು, ಕಿತ್ತ ಮೇಲೆ ಹುಲ್ಲು ಹಾಸಬೇಕು. ಮನೆಯವರಿಗೆ ಅವಸರ ಇರುತ್ತದೆ, ನೀವು ಅವಸರ ಮಾಡಬೇಡಿ.

ನೀರಿನ ಲೆಕ್ಕ ಇನ್ನೂ ಮುಖ್ಯ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. 500 ಚದರಡಿ ಸುಮಾರು 46 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಬೇಕು ಅಂತ ಹಿಡಿದರೂ 230 ಲೀಟರ್ ಆಯಿತು, ತಿಂಗಳಿಗೆ ಸುಮಾರು 7,000 ಲೀಟರ್. ಹೊರವಲಯದ ಎಷ್ಟೋ ಬಡಾವಣೆಗಳು ಬೋರ್‌ವೆಲ್, ಟ್ಯಾಂಕರ್ ನಂಬಿಕೊಂಡಿವೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಾರ್ಡನ್‌ಗೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಇಂಥ ಒಂದು ಬೇಸಿಗೆ ಬಂದರೆ ಲಾನ್ ನಂಬಿದ ಬಿಸಿನೆಸ್ ಏನಾಗುತ್ತದೆ ಯೋಚಿಸಿ. ಆದ್ದರಿಂದ ಈ ಲೆಕ್ಕವನ್ನು ಗಿರಾಕಿಯ ಮುಂದೆಯೇ ಹಾಕಿ ತೋರಿಸಿ. ಲಾನ್ ಬೇಕು ಅಂದವರಲ್ಲಿ ಕೆಲವರು ಅರ್ಧಕ್ಕೆ ಇಳಿಯುತ್ತಾರೆ, ಉಳಿದ ಜಾಗಕ್ಕೆ ಕಾಗದದ ಹೂ, ನಂದಿಬಟ್ಟಲು, ದೇವಕಣಗಿಲೆ ಒಪ್ಪುತ್ತಾರೆ. ಬರೀ ಕಣಗಿಲೆ ಬೇರೆ ಗಿಡ, ಅದೂ ನೀರು ಕೇಳಲ್ಲ, ನಿಜ, ಆದರೆ ವಿಷದ ಗಿಡ, ಚಿಕ್ಕ ಮಕ್ಕಳಿರುವ ಮನೆಗೆ ಬೇಡ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳುತ್ತೇವೆ ಅಂತ ಹೇಳಿ, ಡೆಂಗಿ ಭಯ ಎಲ್ಲರಿಗೂ ಇದೆ.

ದುಡ್ಡಿನ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ನಿಮ್ಮ ಬೀದಿಯಲ್ಲಿ ಕೇಳಿ ಬರೆದುಕೊಂಡ ದರ ಹಾಕಿ ನೋಡಿ.

ಒಬ್ಬರೇ ಮಾಡಿದರೆ ದಿನಕ್ಕೆ ಮೂರು ಮನೆ. ತಿಂಗಳಿಗೆ 24 ದಿನ ಅಂದರೆ 72 ಭೇಟಿ. ಒಂದು ಮನೆಗೆ ವಾರಕ್ಕೊಂದು ಸಲ, ತಿಂಗಳಿಗೆ ನಾಲ್ಕು. ಹಾಗಾದರೆ 18 ಮನೆ. ಮನೆಗೆ 1,500 ಅಂದರೆ 27,000. ಇದರಲ್ಲಿ ಪೆಟ್ರೋಲ್, ಸಾಮಾನು ರಿಪೇರಿ, ಫೋನು ಕಳೆಯಿರಿ.

ಈಗ ಒಬ್ಬ ಸಹಾಯಕನನ್ನು ಇಟ್ಟುಕೊಳ್ಳಿ. ದಿನಕ್ಕೆ ಐದು ಮನೆ ಆಗುತ್ತದೆ, 120 ಭೇಟಿ, 30 ಮನೆ, 45,000. ಸಹಾಯಕನಿಗೆ ದಿನಕ್ಕೆ 700ರಂತೆ 16,800 ಕೊಟ್ಟರೆ ಉಳಿಯುವುದು 28,200. ಅಂದರೆ ಹನ್ನೆರಡು ಮನೆ ಜಾಸ್ತಿ ನೋಡಿಕೊಂಡು, ಇನ್ನೊಬ್ಬರ ರಜೆ, ಮುನಿಸು ಎಲ್ಲ ತಲೆ ಮೇಲೆ ಹೊತ್ತು, ನಿಮಗೆ ಸಿಕ್ಕಿದ್ದು 1,200! ತುಂಬಾ ಜನ ಈ ಲೆಕ್ಕ ಹಾಕದೆ ಆಳು ಇಟ್ಟುಕೊಳ್ಳುತ್ತಾರೆ. ಸಹಾಯಕನ ಕೂಲಿ ಗಿಟ್ಟುವುದು ಅವನು ನಿರ್ವಹಣೆ ನೋಡಿಕೊಳ್ಳುವಾಗ ನೀವು ತಿಂಗಳಿಗೆ ಒಂದೆರಡು ಹೊಸ ಗಾರ್ಡನ್ ಕೆಲಸ ತಂದರೆ ಮಾತ್ರ. ಅಥವಾ ಮನೆಗಳು ಒಂದೇ ಬೀದಿಯಲ್ಲಿದ್ದು ಇಬ್ಬರೂ ಸೇರಿ ದಿನಕ್ಕೆ ಏಳೆಂಟು ಮನೆ ಮುಗಿಸುವ ಹಾಗಿದ್ದರೆ.

ಹೊಸ ಕೆಲಸದ ಕೊಟೇಷನ್‌ನಲ್ಲಿ ಸಾಯುವ ಗಿಡಗಳಿಗೆ ಅಂತ ಒಂದು ಪಾಲು ಸೇರಿಸಿ. ನೂರಕ್ಕೆ ಹತ್ತು ಹೋಗುತ್ತವೆ ಅಂತ ಇಟ್ಟುಕೊಂಡರೆ ಗಾಬರಿ ಇರಲ್ಲ. ಒಂದು ತಿಂಗಳು ಬದಲಿ ಗಿಡ ಕೊಡುತ್ತೇವೆ, ಆದರೆ ನೀರು ಹಾಕುವ ಹೊಣೆ ಮನೆಯವರದ್ದು ಅಂತ ಬರೆದು ಕೊಡಿ.

ಸಾಮಾನಿಗೆ ಮೊದಲು ಜಾಸ್ತಿ ಸುರಿಯಬೇಡಿ. ಗುದ್ದಲಿ, ಸನಿಕೆ, ಹಾರೆ, ಬಾಂಡ್ಲಿ, ಬೇಲಿ ಕತ್ತರಿ, ಸಣ್ಣ ಕಟರ್, ಒಂದು ಸ್ಪ್ರೇಯರ್ ಸಾಕು. ಹುಲ್ಲು ಕತ್ತರಿಸುವ ಯಂತ್ರ ಲಾನ್ ಇರುವ ಹತ್ತು ಮನೆ ಸಿಕ್ಕ ಮೇಲೆ.

ಕಾಗದ ಪತ್ರ, ಬೇಗ ಮುಗಿಸೋಣ

ಉದ್ಯಮ್, ಅಂದರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ, ಆನ್‌ಲೈನ್‌ನಲ್ಲಿ ಪೂರ್ತಿ ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ. ಈ ನೋಂದಣಿ ಇದ್ದರೆ ಕಂಪನಿಗಳು ಬಿಲ್ಲಿನ ದುಡ್ಡನ್ನು 45 ದಿನದೊಳಗೆ ಕೊಡಬೇಕು ಅಂತ ಕಾನೂನಿನ ಬಲದಲ್ಲಿ ಕೇಳಬಹುದು. ಸೇವೆಯ ವ್ಯವಹಾರಕ್ಕೆ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಜೀವಂತ ಗಿಡಗಳಿಗೆ ಜಿಎಸ್‌ಟಿ ಇಲ್ಲ, ಗಾರ್ಡನ್ ಸೇವೆಗೆ ಇದೆ, ಆದ್ದರಿಂದ ಮೊದಲಿಂದಲೂ ಗಿಡದ ದುಡ್ಡು, ಕೆಲಸದ ದುಡ್ಡು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಸಾಲ ಬೇಕಾದರೆ ಕೇಂದ್ರ ಸರ್ಕಾರದ ಮುದ್ರಾ ಸಾಲ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಸಿಗುತ್ತದೆ. ಸಾಮಾನಿನ ಪಟ್ಟಿ ಮೇಲೆ ಹೇಳಿದಷ್ಟೇ ಆದರೆ ಅದೂ ಬೇಕಾಗಲಿಕ್ಕಿಲ್ಲ.

ಮೂರು ತಿಂಗಳ ಪರೀಕ್ಷೆ

ನಿಮ್ಮ ನೋಟ್‌ಬುಕ್‌ನಲ್ಲಿ ಗುರುತು ಹೆಚ್ಚು ಬಿದ್ದಿರುವ ಎರಡು ಬೀದಿ ಆರಿಸಿ. ಅಲ್ಲಿ ಐದು ಮನೆ ಹಿಡಿಯಿರಿ. ಪುಕ್ಕಟೆ ಮಾಡಿಕೊಡಬೇಡಿ. ಪುಕ್ಕಟೆ ಕೆಲಸ ಎಲ್ಲರಿಗೂ ಇಷ್ಟ, ಅದರಿಂದ ಮಾರುಕಟ್ಟೆ ತಿಳಿಯಲ್ಲ. ಪೂರ್ತಿ ದರ ಹೇಳಿ, ತಿಂಗಳಿಗೆ ಮುಂಗಡ ಕೇಳಿ, ಯಾವಾಗ ಬೇಕಾದರೂ ನಿಲ್ಲಿಸಬಹುದು ಅಂತ ಸ್ವಾತಂತ್ರ್ಯ ಕೊಡಿ.

ಮೂರನೇ ತಿಂಗಳ ಮುಂಗಡವನ್ನು ನೆನಪಿಸದೆಯೇ ಕೊಟ್ಟವರು ಎಷ್ಟು, ಅವರಲ್ಲಿ ಪಕ್ಕದ ಮನೆಗೆ ನಿಮ್ಮ ನಂಬರ್ ಕೊಟ್ಟವರು ಎಷ್ಟು ಅಂತ ನೋಡಿ. ಐದರಲ್ಲಿ ನಾಲ್ಕು ಮನೆ ಉಳಿದು, ಆ ಬೀದಿಯಿಂದಲೇ ಎರಡು ಮೂರು ಫೋನು ಬಂದಿದ್ದರೆ ಅದೇ ಬಡಾವಣೆಯಲ್ಲಿ ಮುಂದುವರಿಯಿರಿ. ಇಬ್ಬರು ಮಾತ್ರ ಉಳಿದರೆ ಬಿಟ್ಟವರ ಮನೆಗೆ ಹೋಗಿ ಕಾರಣ ಕೇಳಿ. ಕೆಲಸದ ಬಗ್ಗೆ ದೂರು ಇದ್ದರೆ ತಿದ್ದಿಕೊಳ್ಳಬಹುದು. "ಕೆಲಸ ಚೆನ್ನಾಗಿತ್ತು, ಆದರೆ ಅಷ್ಟು ಕೊಡೋಕಾಗಲ್ಲ" ಅಂದರೆ ನೋಟ್‌ಬುಕ್‌ನ ಮುಂದಿನ ಬಡಾವಣೆಗೆ ಹೋಗಿ. ಈ ಮೂರು ತಿಂಗಳಲ್ಲಿ ಊರಿನ ಆಚೆ ತುದಿಯಿಂದ ಯಾರಾದರೂ ಒಂದೇ ಒಂದು ಮನೆಯ ತಿಂಗಳ ಕೆಲಸಕ್ಕೆ ಕರೆದರೆ, ದರ ಚೆನ್ನಾಗಿದ್ದರೂ ಒಪ್ಪಿಕೊಳ್ಳಬೇಡಿ. ಅಲ್ಲೇ ಹತ್ತಿರದ ಒಬ್ಬ ಮಾಲಿಯ ನಂಬರ್ ಕೊಡಿ, ನಿಮ್ಮ ಬೀದಿಯ ಕೆಲಸ ಬಂದಾಗ ಅವರೂ ನಿಮ್ಮ ನಂಬರ್ ಕೊಡುತ್ತಾರೆ.